ಇನ್ನೂರ ಹನ್ನೆರಡು ವೋಲ್ಟ್

ಅದರ ನಿಜವಾದ ಹೆಸರು ಸರ್ಕಾರಿ ಕಾಗದದಲ್ಲಿ ಎರಡು ಸಾಲು ಉದ್ದವಿತ್ತು. ನಾವು ಅದನ್ನು ಯಜಮಾನ ಎಂದು ಕರೆಯುತ್ತಿದ್ದೆವು. ಯಾರ ತಟ್ಟೆಗೆ ಎಷ್ಟು ಬಡಿಸಬೇಕು ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಿ, ಎದುರು ಮಾತಾಡಿದರೆ ಕಿವಿಗೇ ಹಾಕಿಕೊಳ್ಳದ ಹಿರಿಯನೊಬ್ಬ ಕೆಲವು ಮನೆಗಳಲ್ಲಿ ಇರುತ್ತಾನಲ್ಲ, ಅಂಥವನು. ಕಲಬುರಗಿಯ ವಿದ್ಯುತ್ ಹಂಚಿಕೆ ಕೇಂದ್ರದಲ್ಲಿ ನಾನು ಆಪರೇಟರ್. ಹನ್ನೊಂದು ವರ್ಷ ಪರದೆಯ ಮುಂದೆ ಕೂತಿದ್ದೇನೆ. ಆಪರೇಟರ್ ಎಂದರೆ ಏನೋ ನಡೆಸುವವಳು ಎಂದು ಊರಿನವರು ತಿಳಿದುಕೊಂಡಿದ್ದರು. ನಡೆಸುತ್ತಿದ್ದುದು ಯಜಮಾನ, ನಾನು ನೋಡುತ್ತಿದ್ದೆ ಅಷ್ಟೇ.

ಬಿಸಿಲು ನಲವತ್ತೆಂಟು ಡಿಗ್ರಿ ದಾಟುವ ವರ್ಷಗಳು ಶುರುವಾದ ಮೇಲೆ ಕರೆಂಟು ಯಾರಿಗೂ ಸಾಲದಾಯಿತು. ಮೊದಮೊದಲು ಊರಿಗೆ ಊರನ್ನೇ ಕತ್ತಲೆ ಮಾಡುತ್ತಿದ್ದೆವು. ಆಮೇಲೆ ಯಾರೋ ಬುದ್ಧಿವಂತರಿಗೆ ಹೊಳೆಯಿತು: ಊರನ್ನು ಯಾಕೆ ಕತ್ತರಿಸಬೇಕು, ಬೇಡದ ಯಂತ್ರವನ್ನು ಮಾತ್ರ ಕತ್ತರಿಸಿದರೆ ಸಾಕಲ್ಲ? ಪ್ರತಿ ಮನೆಯ ಪ್ರತಿ ಸಾಕೆಟ್ಟಿನ ಹಿಂದೆ ಹೆಬ್ಬೆರಳ ಉಗುರಿನಷ್ಟು ಒಂದು ಚಿಪ್ ಬಂದು ಕೂತಿತು. ಅದು ಅಳೆಯುವುದು ಎರಡೇ ಎರಡು: ವೋಲ್ಟೇಜ್ ಎಷ್ಟು, ಕರೆಂಟ್ ಎಷ್ಟು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ರೋಧ ಸಿಗುತ್ತದೆ, ಅದು ಓಮ್‌ನಲ್ಲಿ. ಎರಡನ್ನೂ ಗುಣಿಸಿದರೆ ವ್ಯಾಟ್. ಹೈಸ್ಕೂಲಿನ ಲೆಕ್ಕ. ರೋಧ ಗೊತ್ತಾದರೆ ಯಂತ್ರ ಯಾವುದೆಂದು ಗೊತ್ತಾಯಿತು. ಐವತ್ತಮೂರು ಓಮ್ ಬಂದರೆ ಇಸ್ತ್ರಿ ಪೆಟ್ಟಿಗೆ. ನೂರ ಐದರ ಆಸುಪಾಸು ಬಂದರೆ ಮಿಕ್ಸರ್. ನೀವು ಸೇಡಂನಲ್ಲಿ ಕೂತು ಶೇಂಗಾ ಚಟ್ನಿ ಮಾಡಿದರೆ ನನಗೆ ಕಲಬುರಗಿಯಲ್ಲಿ ತಿಳಿಯುತ್ತಿತ್ತು. ವಾಸನೆಯೊಂದು ಬರುತ್ತಿರಲಿಲ್ಲ.

ಬಿಸಿಲು ತೀರಾ ಏರಿದ ದಿನಕ್ಕೆ ಕೆಂಪು ದಿನ ಎನ್ನುತ್ತಿದ್ದರು. ಅವತ್ತು ಮನೆಗೊಂದು ಕೂಲರ್, ಒಂದು ಫ್ಯಾನು, ಉಳಿದದ್ದೆಲ್ಲ ಬಂದ್. ಆದರೆ ಜೀವರಕ್ಷಕ ಯಂತ್ರಗಳ ಪಟ್ಟಿಯೊಂದಿತ್ತು. ಅದರಲ್ಲಿ ದಾಖಲಾದ ಯಂತ್ರವನ್ನು ಯಜಮಾನ ಮುಟ್ಟುತ್ತಿರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲ, ವಿಳಾಸವಿಲ್ಲ, ಆ ಸಾಕೆಟ್ಟಿನ ನಂಬರು ಮತ್ತು ಯಂತ್ರದ ರೋಧ ಮಾತ್ರ. ರೋಧ ಶೇಕಡಾ ಹದಿನೈದು ಆಚೀಚೆ ಆದರೆ ನಡೆಯುತ್ತದೆ. ಅದಕ್ಕೂ ಹೆಚ್ಚು ಆಚೀಚೆ ಆದರೆ ಅದು ಬೇರೆ ಯಂತ್ರ ಎಂದೇ ಲೆಕ್ಕ, ಕಡಿತ. ಕಡಿತವಾದ ಸಾಕೆಟ್ಟನ್ನು ಯಜಮಾನ ಆಗಾಗ ಒಂದು ಕ್ಷಣ ಚಾಲೂ ಮಾಡಿ ಮತ್ತೆ ಅಳೆದು ನೋಡುತ್ತಿದ್ದ.

ಆ ಪಟ್ಟಿಯಲ್ಲಿ ನನ್ನ ಗಂಡನ ಯಂತ್ರವಿತ್ತು. ನೂರ ಐವತ್ತೊಂದು ಓಮ್.

ನಮ್ಮ ಊರು ಕಲಬುರಗಿಯಿಂದ ಇಪ್ಪತ್ತಾರು ಕಿಲೋಮೀಟರ್. ಫರಸಿ ಕಲ್ಲಿನ ಊರು. ನೆಲಕ್ಕೆ ಅದೇ ಕಲ್ಲು, ಗೋಡೆಗೆ ಅದೇ, ಮಾಡಿಗೂ ಅದೇ. ರೇವಣಸಿದ್ದ ಪಾಲಿಶ್ ಷೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಕಲ್ಲು ಕತ್ತರಿಸಿದ. ಮೂಗಿಗೆ ಟವೆಲ್ ಕಟ್ಟಿಕೊಂಡೇ ಕತ್ತರಿಸಿದ, ಆದರೂ ಧೂಳು ಒಳಗೆ ಹೋಗಿ ಕೂತಿತು. ನಲವತ್ತಾರನೇ ವಯಸ್ಸಿಗೆ ಬಾಗಿಲಿನಿಂದ ಕಟ್ಟೆಯವರೆಗೆ ನಡೆಯಲೂ ಆಗದಂತಾಯಿತು. ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಮಷೀನು ತಂದೆವು. ಮೂಗಿಗೆ ಸಣ್ಣ ನಳಿಕೆ, ಮೂಲೆಯಲ್ಲಿ ಇಡೀ ದಿನ ಗುಡುಗುಟ್ಟುವ ಪೆಟ್ಟಿಗೆ. ಮುನ್ನೂರ ಐವತ್ತು ವ್ಯಾಟ್. ಅದು ನಡೆದರೆ ಅವನು ಇದ್ದಾನೆ. ನಿಂತರೆ ಇಲ್ಲ.

ಫೆಬ್ರುವರಿಯಲ್ಲಿ ಅದನ್ನು ದಾಖಲು ಮಾಡಲು ಇನ್ಸ್‌ಪೆಕ್ಟರ್ ಬಂದರು. ಆವತ್ತು ಆದದ್ದನ್ನು ಹೇಳಬೇಕು.

ಪಾಲಿಶ್ ಷೆಡ್ಡುಗಳಲ್ಲಿ ಒಂದು ರೂಢಿಯಿದೆ. ದೊಡ್ಡ ಗರಗಸ ಚಾಲೂ ಮಾಡುವ ಮೊದಲು ಒಬ್ಬರು "ಬಂದ್ ಮಾಡ್ರೀ" ಎಂದು ಕೂಗುತ್ತಾರೆ. ಸಣ್ಣ ಮಷೀನುಗಳವರೆಲ್ಲ ತಮ್ಮ ತಮ್ಮ ಸ್ವಿಚ್ಚು ಆರಿಸುತ್ತಾರೆ. ಇಲ್ಲದಿದ್ದರೆ ವೋಲ್ಟೇಜ್ ಸಾಲದೆ ಗರಗಸ ಕಲ್ಲಿನೊಳಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಗಲ್ಲಿಯ ಅರವತ್ತು ಮನೆಯವರೂ ಷೆಡ್ಡಿನಲ್ಲಿ ದುಡಿದವರೇ. ಎದುರು ಮನೆಯ ಕಾಶೀಬಾಯಿ ಮೂವತ್ತು ವರ್ಷ ತಲೆಯ ಮೇಲೆ ಕಲ್ಲು ಹೊತ್ತವಳು, ಎಪ್ಪತ್ತೆರಡು ವಯಸ್ಸು, ಗಲ್ಲಿಗೆಲ್ಲ ಆಯಿ. ಇನ್ಸ್‌ಪೆಕ್ಟರರ ಬ್ಯಾಗಿನಿಂದ ಮೀಟರ್ ಹೊರಗೆ ಬಂದದ್ದು ನೋಡಿದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದಳು.

"ಬಂದ್ ಮಾಡ್ರೀ! ರೇವಣಸಿದ್ದನ ಮಷೀನ ಅಳೀಲತ್ತಾರ, ಎಲ್ರೂ ಬಂದ್ ಮಾಡ್ರೀ!"

ಪಂಪು, ಟಿವಿ, ಹಿಟ್ಟಿನ ಗಿರಣಿ, ನೀರು ಕಾಯಿಸುವ ರಾಡು, ಎಲ್ಲ ನಿಂತವು. ಮೀಟರ್ ಇನ್ನೂರ ಮೂವತ್ತು ವೋಲ್ಟ್ ತೋರಿಸಿತು, ಒಂದು ಕೂದಲೆಳೆ ಆಚೀಚೆ ಇಲ್ಲ. ಕರೆಂಟ್ ಒಂದೂವರೆ ಆಂಪಿಯರ್ ಚಿಲ್ಲರೆ. ಇಷ್ಟು ಚೊಕ್ಕ ರೀಡಿಂಗ್ ಜಿಲ್ಲೆಯಲ್ಲಿ ಎಲ್ಲೂ ಸಿಕ್ಕಿರಲಿಲ್ಲ ಎಂದು ಇನ್ಸ್‌ಪೆಕ್ಟರ್ ಹೊಗಳಿದರು. ನಾನು ಅವರಿಗೆ ಚಹಾ ಕೊಟ್ಟೆ. ನನ್ನ ಗಲ್ಲಿಯ ಜನದ ಬಗ್ಗೆ ಎದೆಯುಬ್ಬಿ ನಿಂತಿದ್ದೆ. ಹನ್ನೊಂದು ವರ್ಷ ಇದೇ ಲೆಕ್ಕ ನೋಡಿದವಳು ನಾನು, ನನಗೆ ಆವತ್ತು ಏನೂ ಹೊಳೆಯಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಮೇ ತಿಂಗಳ ಎರಡನೇ ವಾರ, ಆ ವರ್ಷದ ಮೊದಲ ಕೆಂಪು ದಿನ. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಕೆಲಸದ ವೇಳೆಯಲ್ಲಿ ಸ್ವಂತ ಮನೆಯ ಸಾಲನ್ನು ನೋಡಬಾರದು ಎಂದು ನಿಯಮವಿದೆ, ನಾವೆಲ್ಲ ನೋಡುತ್ತೇವೆ. ನನ್ನ ಮನೆಯ ಸಾಲಿನಲ್ಲಿ ಹೊಸದೊಂದು ನಮೂದು ಬಂದಿತ್ತು: ಮಿಕ್ಸರ್, ನೂರ ಮೂರು ಓಮ್, ಅನಗತ್ಯ, ಕಡಿತ.

ನನಗೆ ನಗು ಬಂತು. ಈ ಬಿಸಿಲಲ್ಲಿ ಇವನಿಗೆ ಯಾವ ಚಟ್ನಿ ಬೇಕಾಯಿತು ಎಂದುಕೊಂಡೆ. ಮರುಕ್ಷಣ ನೆನಪಾಯಿತು, ನಮ್ಮ ಮಿಕ್ಸರ್ ಎಲ್ಲಿದೆಯೆಂದೇ ಅವನಿಗೆ ಗೊತ್ತಿಲ್ಲ. ಮೇಲಿನ ಸಾಲು ನೋಡಿದೆ. ನೂರ ಐವತ್ತೊಂದು ಓಮ್ ಇದ್ದ ಕಡೆ ಖಾಲಿ.

ಫೋನ್ ಎತ್ತಿದ್ದು ಕಾಶೀಬಾಯಿ. ಮಧ್ಯಾಹ್ನ ನಾನಿಲ್ಲದಾಗ ಅವನ ಹತ್ತಿರ ಕೂರುವವಳು ಅವಳೇ.

"ಯವ್ವಾ ಜಗದೇವಿ, ಮಷೀನ ನಿಂತದ. ಫ್ಯಾನ ತಿರಗ್ಲತ್ತದ, ಕೂಲರ ನಡದದ, ಮಷೀನ ಒಂದೇ ನಿಂತದ."

"ಆಯೀ, ಮಂಚದ ತೆಳಗ ಸಿಲಿಂಡರ್ ಅದ..."

"ಹಚ್ಚೀನವ್ವ, ಆಗಲೇ ಹಚ್ಚೀನಿ. ಅಷ್ಟು ಗೊತ್ತಾಗಲ್ಲೇನು ನನಗ? ಎಷ್ಟೊತ್ತು ಬರ್ತದ ಇದು?"

"ನಲವತ್ತು ನಿಮಿಷ."

"ಹಂಗಾದ್ರ ಲಗೂನ ಏನರ ಮಾಡು," ಎಂದಳು.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಕೆಂಪು ದಿನ, ಎಲ್ಲ ಗಾಡಿಗಳೂ ಹೊರಗಿದ್ದವು. ಒಂದು ಗಂಟೆ ಇಪ್ಪತ್ತು ನಿಮಿಷ ಎಂದರು. ಪಕ್ಕದ ಮನೆಯ ಮಹೆಬೂಬನ ಬ್ಯಾಟರಿ ಆಟೋ ಇತ್ತು, ಅದರ ಚಾರ್ಜಿಂಗನ್ನು ಯಜಮಾನ ಬೆಳಿಗ್ಗೆಯೇ ಕತ್ತರಿಸಿದ್ದ. ಆಟೋದಲ್ಲಿ ಗಲ್ಲಿಯ ತಿರುವು ದಾಟುವಷ್ಟೂ ಚಾರ್ಜ್ ಇರಲಿಲ್ಲ.

ಫೋನ್ ಇಟ್ಟವಳೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಗಲ್ಲಿಯ ವೋಲ್ಟೇಜ್ ನೂರ ತೊಂಬತ್ತಕ್ಕೆ ಇಳಿದಿತ್ತು. ಅರವತ್ತು ಕೂಲರು, ಗಲ್ಲಿಯ ಕೊನೆಯಲ್ಲಿ ಬಿಸಿಲಿಗೆ ಸೋತವರಿಗಾಗಿ ತೆರೆದಿಟ್ಟ ಶಾಲೆ, ಎಲ್ಲ ಒಂದೇ ತಂತಿಯ ಮೇಲೆ. ಎಂಬತ್ತು ಆಂಪಿಯರ್ ಹರಿಯುತ್ತಿತ್ತು. ಹಳೆಯ ತಂತಿಯ ರೋಧ ಅರ್ಧ ಓಮ್. ಎಂಬತ್ತರ ಅರ್ಧ ನಲವತ್ತು, ನಲವತ್ತು ವೋಲ್ಟ್ ದಾರಿಯಲ್ಲೇ ಹೋಯಿತು. ಆ ನಲವತ್ತನ್ನು ಎಂಬತ್ತರಿಂದ ಗುಣಿಸಿದರೆ ಮೂರು ಸಾವಿರದ ಇನ್ನೂರು ವ್ಯಾಟ್. ಯಾರಿಗೂ ಉಪಯೋಗಕ್ಕೆ ಬಾರದೆ ತಂತಿಯನ್ನು ಕಾಯಿಸುತ್ತಿದ್ದ ಆ ಶಕ್ತಿಯಲ್ಲಿ ನನ್ನ ಗಂಡನಂಥ ಒಂಬತ್ತು ಜನ ಉಸಿರಾಡಬಹುದಿತ್ತು.

ಕೂಲರಿನ ಫ್ಯಾನು ಬಡಪಾಯಿ. ವೋಲ್ಟೇಜ್ ಇಳಿದರೆ ಅದೂ ನಿಧಾನವಾಗುತ್ತದೆ, ಕರೆಂಟೂ ಕಡಿಮೆಯಾಗುತ್ತದೆ, ಭಾಗಿಸಿದರೆ ರೋಧ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಆಮ್ಲಜನಕದ ಮಷೀನಿನಲ್ಲಿರುವುದು ಗಾಳಿಯನ್ನು ಒತ್ತುವ ಮೋಟಾರು. ವೋಲ್ಟೇಜ್ ಎಷ್ಟೇ ಇಳಿದರೂ ತನ್ನ ಮುನ್ನೂರ ಐವತ್ತು ವ್ಯಾಟ್ ಬಿಡದೆ ಎಳೆದುಕೊಳ್ಳುತ್ತದೆ. ವೋಲ್ಟೇಜ್ ನೂರ ತೊಂಬತ್ತಾದಾಗ ಕರೆಂಟ್ ಒಂದು ಪಾಯಿಂಟ್ ಎಂಟು ನಾಲ್ಕಕ್ಕೆ ಏರಿತ್ತು. ಭಾಗಿಸಿದರೆ ನೂರ ಮೂರು. ಅಂದರೆ ಮಿಕ್ಸರ್. ಮಷೀನು ಹೆಚ್ಚು ಕಷ್ಟಪಟ್ಟು ದುಡಿದದ್ದೇ ಅದರ ತಪ್ಪಾಗಿತ್ತು.

ಫೆಬ್ರುವರಿಯಲ್ಲಿ ಗಲ್ಲಿಯವರು ಯಾರೂ ಏನೂ ಆರಿಸದೆ ಇದ್ದಿದ್ದರೆ ವೋಲ್ಟೇಜ್ ಇನ್ನೂರ ಐದೋ ಇನ್ನೂರೋ ಇರುತ್ತಿತ್ತು. ದಾಖಲಾಗುವ ರೋಧವೂ ಅದಕ್ಕೆ ತಕ್ಕಂತೆ ಕೆಳಗಿರುತ್ತಿತ್ತು, ಈವತ್ತಿನ ನೂರ ಮೂರು ಆ ಹದಿನೈದರೊಳಗೆ ಹೇಗೋ ಹಿಡಿಸುತ್ತಿತ್ತು. ಪ್ರೀತಿಯಿಂದ ಆರಿಸಿದ್ದರು. ಈಗ ಮಷೀನನ್ನು ಯಜಮಾನ ಗುರುತಿಸಬೇಕಾದರೆ ರೋಧ ಕನಿಷ್ಠ ನೂರ ಇಪ್ಪತ್ತೆಂಟು ಬರಬೇಕು. ಅದಕ್ಕೆ ಇನ್ನೂರ ಹನ್ನೆರಡು ವೋಲ್ಟ್ ಬೇಕು. ಮೂರು ಸಲ ಲೆಕ್ಕ ಹಾಕಿದೆ, ಮೂರು ಸಲವೂ ಅಷ್ಟೇ ಬಂತು.

ನಮ್ಮ ಮೇಲಧಿಕಾರಿ ಹುಂಡೇಕಾರ್ ಸಾಹೇಬರು ಮೇಲಿನ ಮಹಡಿಯಲ್ಲಿದ್ದರು. ನನ್ನ ಕಾಗದವನ್ನು ಕನ್ನಡಕ ಏರಿಸಿ ಓದಿದರು. ಒಳ್ಳೆಯ ಮನುಷ್ಯ, ಲೆಕ್ಕ ಬಲ್ಲವರು.

"ನೀ ಹೇಳೋದು ಖರೆ ಅದ ಜಗದೇವಿ. ಮೋಟಾರಕ್ಕ ಒಂದೇ ರೋಧ ಅಂತ ಬರಕೊಂಡಿದ್ದೇ ತಪ್ಪು."

"ಹಂಗಾದ್ರ ಪಟ್ಟಿ ತಿದ್ದ್ರಿ ಸರ್."

"ನನ್ನ ಕೈಲಾಗಲ್ಲವ್ವ. ಇನ್ಸ್‌ಪೆಕ್ಟರ್ ಮನಿಗಿ ಹೋಗಿ ಮತ್ತ ಅಳೀಬೇಕು, ಅವಾಗೇ ಅದು ಒಪ್ತದ. ನಾ ಈಗೇ ಬರೀತೀನಿ. ಗುರುವಾರ ಬರ್ತಾರ."

"ಇವತ್ತ ಸೋಮವಾರ ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ಅಣ್ಣನ ಮಗಂದೂ ಹಿಂಗೇ ಆಗಿತ್ತು, ಹೋದ ವರ್ಷ," ಎಂದರು. ಮುಂದೆ ಏನಾಯಿತು ಎಂದು ನಾನು ಕೇಳಲಿಲ್ಲ. "ನಿನ್ನ ಕೈಯಾಗ ಗಲ್ಲಿ ಬೀಗ ಒಂದದ," ಎಂದರು ಮೆಲ್ಲಗೆ. "ಆದ್ರ ಅದು ಯಾರದರ ಕಿತ್ಕೊಂಡೇ ಕೊಡ್ತದ. ನೋಡಿ ಮಾಡು."

ಕೆಳಗೆ ಬರುವಷ್ಟರಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು.

"ಯವ್ವಾ, ನಾ ಒಂದು ಕೇಳ್ತೀನಿ," ಎಂದಳು ಕಾಶೀಬಾಯಿ. "ವೋಲ್ಟೇಜ ಕಡಿಮಿ ಆಗಿ ಹಿಂಗಾಗ್ಯದೇನು? ಷೆಡ್ಡಿನ್ಯಾಗ ಗರಗಸ ನಿಂತಂಗ?"

"ಹೌದು ಆಯೀ."

"ಹಂಗಾದ್ರ ಬಂದ್ ಮಾಡಸ್ತೀನಿ ತಡಿ. ಇದಕ್ಕ ನೀ ಇಷ್ಟೊತ್ತು ಯಾಕ ಯೋಚನಿ ಮಾಡ್ಲತ್ತಿದಿ?"

ಹೊರಗೆ ನಲವತ್ತೊಂಬತ್ತು ಡಿಗ್ರಿ. ಅವಳ ಕೂಗು ಫೋನಿನಲ್ಲಿ ದೂರ ದೂರವಾಗುತ್ತ ಹೋಯಿತು. ನಾನು ಪರದೆ ನೋಡುತ್ತ ಕೂತೆ. ಎಂಬತ್ತು ಆಂಪಿಯರ್ ಎಪ್ಪತ್ತಾಯಿತು. ಐವತ್ತೆರಡು. ಮೂವತ್ತೊಂದು. ಇಪ್ಪತ್ತೆರಡು. ಒಂದೊಂದೇ ಮನೆಯ ಕೂಲರ್ ಪಟ್ಟಿಯಿಂದ ಅಳಿಸಿಹೋಗುತ್ತಿತ್ತು, ಮೊದಲು ಅಳಿಸಿದ್ದು ಕಾಶೀಬಾಯಿಯದು. ವೋಲ್ಟೇಜ್ ಇನ್ನೂರು ದಾಟಿತು, ಇನ್ನೂರ ಹನ್ನೆರಡು ದಾಟಿತು, ಇನ್ನೂರ ಹತ್ತೊಂಬತ್ತಕ್ಕೆ ನಿಂತಿತು. ನೂರ ಮೂವತ್ತೇಳು ಓಮ್. ಜೀವರಕ್ಷಕ, ಗುರುತಿಸಲಾಗಿದೆ.

ನನಗೆ ಅಳು ಬಂತು. ಪಕ್ಕದ ಕುರ್ಚಿಯವರು ನೀರು ತಂದುಕೊಟ್ಟರು. ಗಂಟೆ ಒಂದೂ ಇಪ್ಪತ್ತೈದು. ಸಿಲಿಂಡರ್ ಮುಚ್ಚಿದರೆಂದು ಮಹೆಬೂಬ ಫೋನಿನಲ್ಲಿ ಹೇಳಿದ. ಅದರಲ್ಲಿ ಇನ್ನೂ ಇಪ್ಪತ್ತೇಳು ನಿಮಿಷ ಉಳಿದಿತ್ತು. ಆಂಬುಲೆನ್ಸ್ ಬರುವವರೆಗೆ ಗಲ್ಲಿ ತಡೆದುಕೊಂಡರೆ ಗೆದ್ದೆವು ಎಂದುಕೊಂಡೆ.

ಯಜಮಾನ ಮಿಕ್ಕಿದ್ದನ್ನು ಮಿಗಲು ಬಿಡುವವನಲ್ಲ. ಒಂದು ಗಲ್ಲಿ ಇದ್ದಕ್ಕಿದ್ದಂತೆ ಐವತ್ತೆಂಟು ಆಂಪಿಯರ್ ಬಿಟ್ಟುಕೊಟ್ಟಿತು, ಅದನ್ನು ಬೇಕಾದವರಿಗೆ ಕೊಡಬೇಕು. ಬೇಕಾದವರು ಅದೇ ತಂತಿಯ ಮೇಲೆಯೇ ಇದ್ದರು. ಶಾಲೆಯ ಕೋಣೆಗಳಲ್ಲಿ ನಾಲ್ಕು ದೊಡ್ಡ ಕೂಲರ್ ನಡೆಯುತ್ತಿದ್ದವು. ಹಿಂದಿನ ತಗಡಿನ ಷೆಡ್ಡಿನಲ್ಲಿ ಇನ್ನೂ ಹನ್ನೆರಡು ಇದ್ದವು, ಶಕ್ತಿ ಸಾಲದೆ ಬೆಳಗಿನಿಂದ ಬಂದ್ ಆಗಿದ್ದವು. ಸರಿಯಾಗಿ ಹನ್ನೊಂದು ನಿಮಿಷಕ್ಕೆ ಯಜಮಾನ ಆ ಹನ್ನೆರಡನ್ನೂ ಚಾಲೂ ಮಾಡಿ ಷೆಡ್ಡಿನ ಬಾಗಿಲು ತೆರೆಯುವಂತೆ ಶಾಲೆಗೆ ಸಂದೇಶ ಕಳಿಸಿದ. ತಂತಿಯಲ್ಲಿ ಐವತ್ತಾರು ಆಂಪಿಯರ್. ವೋಲ್ಟೇಜ್ ಇನ್ನೂರ ಎರಡು. ನೂರ ಹದಿನೇಳು ಓಮ್. ಕಡಿತ.

ಯಾರ ತಪ್ಪು ಎಂದು ಹೇಳಲಿ? ಷೆಡ್ಡಿಗೆ ಕೂಲರ್ ಕೊಟ್ಟದ್ದು ತಪ್ಪೇ?

ಮತ್ತೆ ಸಿಲಿಂಡರ್. ಒಂದೂ ಮೂವತ್ತಾರರಿಂದ ಇಪ್ಪತ್ತೇಳು ನಿಮಿಷ ಕೂಡಿಸಿದರೆ ಎರಡು ಗಂಟೆ ಮೂರು ನಿಮಿಷ. ಆಂಬುಲೆನ್ಸ್ ಬರುವುದು ಎರಡೂವರೆಗೆ. ನಡುವೆ ಅರ್ಧ ಗಂಟೆ ಖಾಲಿ. ಶಾಲೆಗೆ ಫೋನ್ ಮಾಡಿದೆ, ನಾಲ್ಕು ಸಲ ಮಾಡಿದೆ, ಯಾರೂ ಎತ್ತಲಿಲ್ಲ. ಷೆಡ್ಡಿನ ಆರು ಕೂಲರ್ ಆರಿಸಿದರೂ ಸಾಕಿತ್ತು, ಲೆಕ್ಕ ಹಾಕಿದ್ದೆ, ಆರಕ್ಕೇ ಇನ್ನೂರ ಹತ್ತು, ಗಲ್ಲಿಯ ಫ್ಯಾನುಗಳನ್ನೂ ಆರಿಸಿದರೆ ಇನ್ನೂರ ಹನ್ನೆರಡು ಮುಟ್ಟುತ್ತಿತ್ತು. ಆದರೆ ಹನ್ನೆರಡೂ ಒಂದೇ ಸ್ವಿಚ್ಚಿನ ಮೇಲಿದ್ದವು. ಹಾಗೆ ಜೋಡಿಸಿದವನು ತಂತಿ ಉಳಿಸಿದ್ದ.

ಮನೆಗೆ ಮಾಡಿದಾಗ ಮಹೆಬೂಬ ಎತ್ತಿದ.

"ಗಲ್ಲಿ ಹ್ಯಾಂಗದಪ್ಪ?"

"ಎಲ್ರೂ ಶಾಲಿಗಿ ಹೋಗ್ಯಾರ್ರಿ ಅಕ್ಕಾ. ಕೂಲರ ಇಲ್ಲದ ಮನ್ಯಾಗ ಕೂಡ್ಲಾಕ ಆಗಲ್ದು, ಕಲ್ಲೆಲ್ಲ ಕಾದಾವ. ನಾ ಇಲ್ಲೇ ಇದೀನಿ, ಅಣ್ಣನ ಬಿಟ್ಟು ಹೋಗಲ್ಲ."

ಹಿಂದಿನಿಂದ ರೇವಣಸಿದ್ದನ ಉಸಿರು ಕೇಳುತ್ತಿತ್ತು. ಅವನು ಏನೋ ಹೇಳಲು ನೋಡಿದ, ಮಾತಾಗಲಿಲ್ಲ. ಎಲ್ಲರೂ ಎಂದರೆ ಯಾರು ಯಾರು ಎಂದು ನಾನು ಕೇಳಲಿಲ್ಲ.

ಗಲ್ಲಿ ಬೀಗದ ಪುಟ ತೆರೆದೆ. ಆಪರೇಟರ್ ಕೈಯಲ್ಲಿರುವ ಅಧಿಕಾರ ಅದೊಂದೇ. ಒಂದು ಗಲ್ಲಿಯ ವೋಲ್ಟೇಜನ್ನು ಒಂದು ಗಂಟೆ ಕಾಲ ಕಟ್ಟಿಹಾಕಬಹುದು, ಅದಕ್ಕಾಗಿ ಯಾರಿಂದ ಕಿತ್ತುಕೊಳ್ಳಬೇಕೋ ಅದನ್ನು ಯಜಮಾನ ಲೆಕ್ಕ ಹಾಕಿ ತೋರಿಸುತ್ತಾನೆ. ಪರದೆಯ ಮೇಲೆ ಬಂತು: ತಗಡಿನ ಷೆಡ್ಡು. ಕೂಲರ್ ಹನ್ನೆರಡು. ಜನ ನೂರ ನಲವತ್ತು. ಒಪ್ಪಿಗೆಯೇ?

ನೂರ ನಲವತ್ತು ಜನ ಬೆವರುತ್ತಾರೆ, ಬಾಗಿಲು ತೆರೆದು ಹೊರಗೆ ಬರುತ್ತಾರೆ, ಬೈಯುತ್ತಾರೆ. ಅಷ್ಟೇ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಈ ಕಡೆ ಒಬ್ಬ ಸಾಯುತ್ತಾನೆ. ಹದಿನಾಲ್ಕು ನಿಮಿಷ ಆ ಪುಟ ನೋಡುತ್ತ ಕೂತಿದ್ದೆ. ಒಂದೂ ಐವತ್ತೆಂಟಕ್ಕೆ ಒತ್ತಿದೆ. ನನ್ನ ಗಂಡ ಬೇಕಾಗಿತ್ತು ನನಗೆ. ಬೇರೆ ಯಾವ ಕಾರಣವನ್ನೂ ನಾನು ಹೇಳುವುದಿಲ್ಲ.

ವೋಲ್ಟೇಜ್ ಇನ್ನೂರ ಹದಿನೆಂಟು. ಮಷೀನು ಚಾಲೂ ಆಯಿತು. ಪರದೆಯ ಕೆಳಗೆ ಹಸಿರು ಅಕ್ಷರ ಮೂಡಿತು: ಬೀಗ ಯಶಸ್ವಿ, ರಕ್ಷಿಸಲಾದ ಜೀವ ಒಂದು. ಎರಡು ಗಂಟೆ ಮೂವತ್ತೈದಕ್ಕೆ ಆಂಬುಲೆನ್ಸ್ ಬಂತು, ದೊಡ್ಡ ಸಿಲಿಂಡರ್ ಇಟ್ಟಿತು. ನಾನು ಬೀಗ ತೆಗೆದೆ.

ಐದು ಗಂಟೆಯ ಬಸ್ಸಿಗೆ ಊರು ಮುಟ್ಟಿದೆ. ಗಲ್ಲಿಯ ಬಾಯಿಯಲ್ಲೇ ಜನ ನಿಂತಿದ್ದರು. ಕಾಶೀಬಾಯಿಯ ಕಟ್ಟೆಯ ಮೇಲೆ ಅವಳನ್ನು ಮಲಗಿಸಿದ್ದರು. ಷೆಡ್ಡಿನಲ್ಲಿ ಕರೆಂಟು ಹೋಯಿತಂತೆ. ಎಲ್ಲರೂ ಒಮ್ಮೆಲೇ ಬಾಗಿಲಿಗೆ ನುಗ್ಗಿದರಂತೆ, ಅವಳು ಹಿಂದಿನ ಗೋಡೆಗೆ ಒರಗಿ ಕೂತಿದ್ದಳಂತೆ. ಅರವತ್ತು ಮನೆ ಬಿಸಿಲಲ್ಲಿ ಸುತ್ತಿ ಬಂದವಳು, ದಣಿದು ನಿದ್ದೆ ಹೋಗಿದ್ದಾಳೆ ಎಂದುಕೊಂಡು ಯಾರೂ ಎಬ್ಬಿಸಲಿಲ್ಲ. ಕೊನೆಗೆ ಎಬ್ಬಿಸಲು ಹೋದಾಗ ಉಸಿರು ನಿಂತಿತ್ತಂತೆ. ಕರೆಂಟು ಯಾಕೆ ಹೋಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಕೆಂಪು ದಿನ, ಹೋಗುತ್ತದೆ.

ನಮ್ಮ ಮನೆಯ ಹೊಸ್ತಿಲಲ್ಲಿ ರೇವಣಸಿದ್ದ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ನಳಿಕೆ ಅಲ್ಲಿಯವರೆಗೇ ಬರುತ್ತದೆ.

"ನನಗ ದಾಟ್ಲಾಕ ಆಗಲ್ದು," ಎಂದ. ಅವನ ಕಣ್ಣುಗಳು ಕೆಂಪಾಗಿದ್ದವು. "ನೀ ಹೋಗು. ನನ್ನ ಹೆಸರಲೆ ಆಯಿ ಕಾಲ ಮುಟ್ಟು."

ಹೋದೆ. ಕಾಲು ಮುಟ್ಟಿದೆ. ಅಂಗಾಲು ಕಪ್ಪಗೆ ಸುಟ್ಟಿತ್ತು, ಚಪ್ಪಲಿ ಹಾಕಿಕೊಳ್ಳದೆ ಓಡಿದ್ದಳು. ತಲೆಯ ಹತ್ತಿರ ಕೂತಿದ್ದ ಮಗಳು ಮಹಾನಂದಾ ನನ್ನನ್ನು ನೋಡಿ ಎರಡೂ ಕೈ ಹಿಡಿದುಕೊಂಡಳು.

"ಅಣ್ಣಾರು ಉಳದ್ರಲ್ಲ ಅಕ್ಕಾ, ಅಷ್ಟರ ಆತು. ಷೆಡ್ಡಿನ್ಯಾಗ ಕರೆಂಟ ಹೋದಾಗ ಎಲ್ರೂ ಒದರ್ಲತ್ತಿದ್ರು. ಅವ್ವ ಒಬ್ಬಾಕಿ ನಕ್ಕಳು. ನಮ್ಮದು ಹೋತಂದ್ರ ರೇವಣಸಿದ್ದನ ಮಷೀನ ಚಾಲೂ ಆಗಿರ್ಬೇಕು, ಸುಮ್ನ ಕೂಡ್ರಿ ಅಂದಳು. ಆಗಿತ್ತೇನು ಅಕ್ಕಾ?"

ಸುತ್ತ ಕೂತವರೆಲ್ಲ ನನ್ನ ಕಡೆ ನೋಡಿದರು.

"ಆಗಿತ್ತು," ಎಂದೆ.